ಚಾಣಕ್ಯಪುರಿಯಲ್ಲಿ ಪಾನಿನಿ

ನಮ್ಮದು ದೆಹಲಿಯ ಚಾಣಕ್ಯಪುರಿಯ ಸತ್ಯ ಮಾರ್ಗದ ಸರ್ಕಾರಿ ಕ್ವಾರ್ಟರ್ಸು. ಆಚೆ ನ್ಯಾಯ ಮಾರ್ಗ, ಈಚೆ ವಿನಯ ಮಾರ್ಗ. ತರಕಾರಿ ಚೌಕಾಶಿಗೆ ಹೊರಟರೂ ಇವುಗಳ ಮೇಲೇ ಹೋಗಬೇಕು. ಮೈಸೂರಿನಿಂದ ಬಂದಿದ್ದ ಸೋದರಮಾವ ನಿವೃತ್ತ ಸಂಸ್ಕೃತ ಮೇಷ್ಟ್ರು. ಕರ್ನಾಟಕ ಭವನ ಇರುವುದು ಕೌಟಿಲ್ಯ ಮಾರ್ಗದಲ್ಲಿ ಎಂದು ತಿಳಿದದ್ದೇ ಎದೆಯುಬ್ಬಿಸಿದರು. “ಇರಲೇಬೇಕು ಕಣೋ! 1905ರಲ್ಲಿ ನಮ್ಮ ಮೈಸೂರಿನ ಶಾಮಾಶಾಸ್ತ್ರಿಗಳ ಕಣ್ಣಿಗೆ ಆ ತಾಳೆಗರಿ ಬೀಳದೇ ಹೋಗಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರ ಎಲ್ಲಿತ್ತು?”

ಅದೇ ಸಂಜೆ ಒಂದು ಕೆಫೆಗೆ ಕರೆದೊಯ್ದೆ. ಹುಡುಗ ತಿಂಡಿಗಳ ಹೆಸರು ಒಪ್ಪಿಸುತ್ತ ‘ಪಾನಿನಿ’ ಅಂದ. ಮಾವ ಕನ್ನಡಕ ಸರಿಮಾಡಿಕೊಂಡರು. “ಮೊದಲನೆಯದು ಣಕಾರ, ನಕಾರ ಅಲ್ಲ.”

ಇದು ಸಂಸ್ಕೃತದ ವೈಯಾಕರಣ ಪಾಣಿನಿಯಲ್ಲ, ಇಟಲಿಯ ವ್ಯಾಕರಣ ಎಂದು ವಿವರಿಸಿದೆ. ‘ಪಾನೆ’ ಅಂದರೆ ಬ್ರೆಡ್ಡು, ‘ಪಾನಿನೊ’ ಅಂದರೆ ಪುಟ್ಟ ಬ್ರೆಡ್ಡು, ‘ಪಾನಿನಿ’ ಅದರ ಬಹುವಚನ. “ತಟ್ಟೆಯಲ್ಲಿರುವುದು ಒಂದೇ. ಬಿಲ್ಲು ಮಾತ್ರ ಬಹುವಚನದ್ದು,” ಎಂದರು ಮಾವ. ‘ಫ್ರೆಂಡ್ಸ್‌ಗಳು’ ಅನ್ನುವ ನಾಡಿನವರು ನಾವು, ಹೆಚ್ಚು ನಗುವಂತಿಲ್ಲ.

ಅಸಲಿಗೆ ಇಟಲಿಯಲ್ಲಿ ಪಾನಿನೊ ಬಿಸಿಯಾಗಿರಲೇಬೇಕೆಂದಿಲ್ಲ; ಬನ್ನು ಸೀಳಿ ಏನಾದರೂ ತುಂಬಿದರಾಯಿತು. ಒತ್ತಿ, ಗೆರೆ ಮೂಡಿಸಿ ಸುಟ್ಟದ್ದಕ್ಕೇ ಈ ಹೆಸರು ಅಂಟಿದ್ದು ಹೊರದೇಶಗಳಲ್ಲಿ. 1980ರ ದಶಕದ ಮಿಲಾನಿನಲ್ಲಂತೂ ಪಾನಿನೊ ಅಂಗಡಿಯ ಮುಂದೆ ದುಬಾರಿ ಜಾಕೆಟ್ ತೊಟ್ಟು ಮೋಟಾರ್‌ಸೈಕಲ್ಲಿಗೆ ಒರಗಿ ನಿಲ್ಲುತ್ತಿದ್ದ ಪಡ್ಡೆ ಹುಡುಗರಿಗೆ ‘ಪಾನಿನಾರಿ’ ಎಂದೇ ಹೆಸರಾಯಿತು. ಪಾನಿನೊಗೆ ಬಳಸುವ ಚಿಯಾಬಾತಾ ಬ್ರೆಡ್ಡೂ ಪುರಾತನವೇನಲ್ಲ. ಫ್ರಾನ್ಸಿನ ಬ್ಯಾಗೆಟ್ಟಿಗೆ ಸಡ್ಡು ಹೊಡೆಯಲು ಅರ್ನಾಲ್ಡೊ ಕವಲ್ಲಾರಿ ಎಂಬ ಹಿಟ್ಟಿನ ಗಿರಣಿಯವನು 1982ರಲ್ಲಿ ಮಾಡಿದ್ದು. ಆ ಹೆಸರಿನ ಅರ್ಥ ಚಪ್ಪಲಿ ಎಂದು ಮಾವನಿಗೆ ತಿಳಿಸಿದ್ದು ಮಾತ್ರ ಅವರು ತಿಂದು ಮುಗಿಸಿದ ಮೇಲೆ.

“ಇಷ್ಟಕ್ಕೆ ಇಷ್ಟು ದುಡ್ಡೇ? ಮನೆಯಲ್ಲೇ ಮಾಡೋಣ,” ಎಂದು ಘೋಷಣೆಯಾಯಿತು. ರಾಯಭಾರಿಗಳ ಅಡುಗೆಯವರಿಗೂ ತೆಂಗಿನಕಾಯಿ ಹುಡುಕುವ ನಮ್ಮಂಥವರಿಗೂ ಐಎನ್‌ಎ ಮಾರ್ಕೆಟ್ಟೇ ಗತಿ. ಮೊಝರೆಲ್ಲಾ ಚೀಸು, ಟೊಮೇಟೊ, ಬೇಸಿಲ್ ತಂದೆವು. ಎಲೆ ಮೂಸಿದ ಮಾವ, “ಇದು ನಮ್ಮ ಕಾಮಕಸ್ತೂರಿ ಅಲ್ಲವೇನೋ!” ಎಂದರು. ಹೌದು, ಅದೇ. ಹಿತ್ತಲಲ್ಲಿ ಬೆಳೆಯುತ್ತಿದ್ದುದನ್ನು ನಾವು ಪೊಟ್ಟಣದಲ್ಲಿ ಕೊಂಡಿದ್ದೆವು.

ಪಾನಿನೊದ ಶತ್ರು ನೀರು. ಚೀಸು ತೆಳ್ಳಗೆ ಕೊಯ್ದು ಬಟ್ಟೆಯ ಮೇಲೆ ಹರಡಬೇಕು, ಟೊಮೇಟೊದ ತಿರುಳು, ಬೀಜ ತೆಗೆದುಬಿಡಬೇಕು. ಇಲ್ಲವಾದರೆ ಬ್ರೆಡ್ಡು ಒಳಗೇ ನೆನೆದು ಮುದ್ದೆಯಾಗುತ್ತದೆ. ಎಣ್ಣೆ ಹೊರಮೈಗೆ, ಉಪ್ಪು ಟೊಮೇಟೊಗೆ, ಅದೂ ಕೊನೆಯಲ್ಲಿ. ಗ್ರಿಲ್ಲು ನಮ್ಮಲ್ಲಿಲ್ಲ. ಕಬ್ಬಿಣದ ದೋಸೆ ಕಾವಲಿಯನ್ನು ನಡುಉರಿಯಲ್ಲಿಟ್ಟು, ಬ್ರೆಡ್ಡಿನ ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಕಲ್ಲಿನ ಕುಟ್ಟಾಣಿ ಹೇರಿದೆ. ಊರಿನಿಂದ ರೈಲಿನಲ್ಲಿ ಹೊತ್ತು ತಂದಾಗ ಹೆಂಡತಿಯಿಂದ ಬೈಸಿಕೊಂಡಿದ್ದ ಕುಟ್ಟಾಣಿ ಅದು. ಒಂದೊಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷ. ಗೆರೆ ಮೂಡಲಿಲ್ಲ, ನಿಜ. ಆದರೆ ಹೊರಗೆ ಹಪ್ಪಳದಂತೆ ಗರಿಗರಿ, ಅಂಚಿನಲ್ಲಿ ಚೀಸು ಇಳಿದು ಕಾವಲಿಯ ಮೇಲೆ ಕಂದು ಜಾಲರಿ ಕಟ್ಟಿತ್ತು. ಆ ಜಾಲರಿಯನ್ನು ನಾನು ಯಾರಿಗೂ ತೋರಿಸದೆ ತಿಂದೆ.

ಮಾವ ಮಾತ್ರ ನೇರ ನಡುವಿಗೇ ಬಾಯಿ ಹಾಕಿದರು. ಕುದಿಯುವ ಚೀಸು ನಾಲಗೆಗೆ ತಗುಲಿ ಕಣ್ಣಲ್ಲಿ ನೀರು. ಬಿಸಿ ಗಂಜಿಯ ನಡುವಿಗೆ ಕೈಹಾಕಿ ಸುಟ್ಟುಕೊಂಡ ಹುಡುಗನನ್ನು ಅಜ್ಜಿಯೊಬ್ಬಳು ಗದರಿಸಿದ್ದು, ಅದನ್ನು ಕೇಳಿ ಚಾಣಕ್ಯ ಮಗಧವನ್ನು ಗಡಿಯಿಂದ ಮುತ್ತಲು ಕಲಿತದ್ದು, ಎಲ್ಲ ನೆನಪಾಯಿತು. “ಅಂಚಿನಿಂದ ಮಾವ, ಅಂಚಿನಿಂದ!”

“ಗೊತ್ತೋ. ಆ ಕಥೆ ನಿನಗೆ ಹೇಳಿದವನೇ ನಾನು,” ಎಂದರು ಉಸಿರೆಳೆಯುತ್ತ. ಎರಡನೆಯದನ್ನು ಶಾಸ್ತ್ರೋಕ್ತವಾಗಿ ಗಡಿಯಿಂದಲೇ ಗೆದ್ದರು.

“ಎರಡಾಯಿತಲ್ಲ ಮಾವ, ಈಗ ಪಾನಿನಿ ಅನ್ನಬಹುದು.”

“ಎರಡಾದರೆ ದ್ವಿವಚನ ಕಣೋ,” ಎಂದು ತಟ್ಟೆ ಮುಂದೆ ಹಿಡಿದರು.