ಇಪ್ಪತ್ತು ಮುಖದ ಅಮೀನ

ಭಾನುವಾರ ಮಧ್ಯಾಹ್ನ ಬಂತೆಂದರೆ ನಮ್ಮ ಮನೆಯ ಊಟದ ಮೇಜು ಕೋರ್ಟಾಗುತ್ತದೆ. ನ್ಯಾಯಾಧೀಶ ನನ್ನ ಅಕ್ಕನ ಮಗ. ತನ್ನ ಬೈಕಿನ ಕೀ ಎಲ್ಲಿದೆ ಅನ್ನುವುದನ್ನೂ ತೀರ್ಮಾನ ಮಾಡಲಾರದ ಹುಡುಗ. ಕಕ್ಷಿದಾರರು ಅವನ ನಾಲ್ವರು ಗೆಳೆಯರು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಬೋಂಡ ಸರಬರಾಜು ನನ್ನದಾದ್ದರಿಂದ ಪ್ರೇಕ್ಷಕರ ಬೆಂಚಿನಲ್ಲಿ ನನಗೊಂದು ಕಾಯಂ ಜಾಗ.

ಆಟ ಇಷ್ಟೇ. ಒಬ್ಬ ಕಥೆ ಹೇಳುತ್ತಾನೆ, ಅವನು ಮಾಸ್ಟರು. ಉಳಿದವರು ಮಂತ್ರವಾದಿ, ಕಳ್ಳ, ಕುಳ್ಳ ಯೋಧ ಹೀಗೆ ಏನೋ ಒಂದಾಗಿ, ಕಥೆಯೊಳಗೆ ತಾವೇನು ಮಾಡುತ್ತೇವೆಂದು ಹೇಳುತ್ತಾ ಹೋಗಬೇಕು. ಕತ್ತಿ ಬೀಸುವುದಕ್ಕೆ, ಬೀಗ ಒಡೆಯುವುದಕ್ಕೆ ದಪ್ಪ ಪುಸ್ತಕಗಳಲ್ಲಿ ನಿಯಮ ಇದೆ. ಪೇಚಾಟ ಶುರುವಾಗುವುದು ಪುಸ್ತಕದಲ್ಲಿ ಇಲ್ಲದ್ದನ್ನು ಯಾರಾದರೂ ಮಾಡಹೊರಟಾಗ. ಅಂದರೆ ಹತ್ತು ನಿಮಿಷಕ್ಕೊಮ್ಮೆ.

ಕಳೆದ ವಾರ ಕುಳ್ಳ ಯೋಧನಿಗೊಂದು ಉಪಾಯ ಹೊಳೆಯಿತು. “ರಾಕ್ಷಸ ಮೆಟ್ಟಿಲಿಳಿದು ಬರ್ತಿದಾನಲ್ಲ, ನನ್ನ ದೀಪದ ಎಣ್ಣೆ ಪೂರ್ತಿ ಮೆಟ್ಟಿಲ ಮೇಲೆ ಸುರೀತೀನಿ. ಜಾರಿ ಬೀಳ್ಲಿ.”

ನಮ್ಮ ಅಳಿಯ ಗಲ್ಲ ಕೆರೆದುಕೊಂಡ. ಮೆಟ್ಟಿಲು ಕಲ್ಲಿನದೋ ಮರದ್ದೋ, ರಾಕ್ಷಸನ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ, ಎಲ್ಲ ಅವನೇ ಕಟ್ಟಿದ್ದು. ಆದರೂ ಯಾರದೋ ಹೊಲದ ಪಹಣಿ ನೋಡುವವನಂತೆ ಮುಖ. ಕೊನೆಗೆ ಅಂದ, “ಸರಿ, ದಾಳ ಹಾಕು. ಹದಿನೈದು ಬರಬೇಕು.”

ಈ ಹದಿನೈದು ಎಲ್ಲಿಂದ ಬಂತು? ದಾಳಕ್ಕೆ 20 ಮುಖ. ಪುಸ್ತಕ ಹೇಳುವ ಪ್ರಕಾರ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20, ಹೆಚ್ಚುಕಮ್ಮಿ ಆಗದ ಕೆಲಸಕ್ಕೆ 30. ಯಾವುದು ಸುಲಭ, ಯಾವುದು ಕಷ್ಟ ಅಂತ ಹೇಳುವವರು ಯಾರು? ಮಾಸ್ಟರೇ. ಪಾತ್ರದ ಶಕ್ತಿ ಸಾಮರ್ಥ್ಯಕ್ಕೆ ಸಿಗುವ ಕೂಡುಲೆಕ್ಕ ಬಿಟ್ಟರೆ, ಹದಿನೈದು ಅಂದಾಗಲೇ ನೂರಕ್ಕೆ 30 ಪಾಲು ಆಸೆ ಮಾತ್ರ ಉಳಿಯಿತು. ತೀರ್ಪು ಬರೆದವನು ಇವನು. ದಾಳ ಬರೀ ಅಮೀನ, ಹೋಗಿ ಜಾರಿ ಮಾಡಿ ಬರುತ್ತದೆ. ಬೈಸಿಕೊಳ್ಳುವುದು ಮಾತ್ರ ಅಮೀನನೇ! ಹುಡುಗರು ದಾಳಕ್ಕೆ ಶಾಪ ಹಾಕುವುದನ್ನು ಕೇಳಿದ್ದೇನೆ. ಅಳಿಯನಿಗೆ ಒಬ್ಬನೂ ಒಂದು ಮಾತು ಅಂದದ್ದು ಕೇಳಿಲ್ಲ.

ಈ ಪಂಚಾಯ್ತಿ ಹೊಸದೇನಲ್ಲ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ತನ್ನ ಯುದ್ಧದಾಟವನ್ನು ದಾಳ, ಕೋಷ್ಟಕಗಳ ಸಮೇತ ಸೈನ್ಯಕ್ಕೆ ಒಪ್ಪಿಸಿದ. ಕೋಷ್ಟಕ ನೋಡಿ ನೋಡಿ ಅಧಿಕಾರಿಗಳು ಸುಸ್ತಾದರು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬಾತ, ಈ ಲೆಕ್ಕವೆಲ್ಲ ಯಾಕೆ, ಯುದ್ಧ ಕಂಡ ಹಿರಿಯನೊಬ್ಬನನ್ನು ಕೂರಿಸಿ, ಅವನು ಹೇಳಿದ್ದೇ ಸೈ ಅಂದುಬಿಟ್ಟ. ಮುಂದೆ 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರನ್ನು ಮೇಜಿನ ಮೇಲೆ ಹರಡಿ, ಬಂದವರಿಗೆಲ್ಲ ಒಂದೊಂದು ಪಾತ್ರ ಹಂಚಿದ. ಇನ್ನೂ ಸೈನ್ಯಗಳ ಕದನವೇ ಶುರುವಾಗಿಲ್ಲ, ಇಬ್ಬರು ಜಗಳವಾಡಿಕೊಂಡು ದ್ವಂದ್ವಯುದ್ಧ ಆಗಲೇಬೇಕು ಅಂತ ಕೂತರು. ಅದಕ್ಕೆ ನಿಯಮವೇ ಇರಲಿಲ್ಲ. ಪಾಪ, ವೆಸ್ಲಿ ನಿಂತ ನಿಲುವಿನಲ್ಲೇ ಏನೋ ಹೊಸೆದು ದಾಳ ಹಾಕಿಸಿದ. ಆಟ ಪೂರ್ತಿ ಕೆಟ್ಟಿತು ಅಂತ ಅವನು ತಲೆ ಮೇಲೆ ಕೈ ಹೊತ್ತರೆ, ಆಡಿದವರು “ಮತ್ತೆ ಯಾವಾಗ?” ಅಂತ ಬೆನ್ನು ಹತ್ತಿದರು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಹೊರತಂದದ್ದೇ ನಮ್ಮ ಊಟದ ಮೇಜನ್ನು ಹಿಡಿದಿರುವ ಈ ಆಟ. ಅಧಿಕಪ್ರಸಂಗವೇ ಇದರ ಮೂಲಪುರುಷ ಅಂದಹಾಗಾಯಿತು.

ಅಧಿಕಪ್ರಸಂಗದಲ್ಲೂ ಮೇಲಂತಸ್ತು ಇದೆ. ಇಂಥ ಆಟಗಾರರ ನಡುವೆ ಹಳೆಯದೊಂದು ವಾದ ಓಡಾಡುತ್ತದೆ: ಎರಡು ಸಾವಿರಕ್ಕೂ ಹೆಚ್ಚು ರೈತರನ್ನು ಸಾಲಾಗಿ ನಿಲ್ಲಿಸಿ, ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸಿ. ಆಟದಲ್ಲಿ ಒಂದು ಸುತ್ತಿಗೆ ಆರೇ ಸೆಕೆಂಡು. ಅಷ್ಟರಲ್ಲಿ ಎಲ್ಲರ ಸರದಿಯೂ ಮುಗಿಯುವುದರಿಂದ ಕೋಲು ಮೈಲಿಗಟ್ಟಲೆ ದಾಟಿರುತ್ತದೆ; ಆದ್ದರಿಂದ ಕಟ್ಟಕಡೆಯ ರೈತನ ಕೈಯಿಂದ ಅದು ಫಿರಂಗಿ ಗುಂಡಿಗಿಂತ ಜೋರಾಗಿ ಹೊರಬರಬೇಕು. ಎಂಥ ವಕೀಲಿ ನೋಡಿ! ಅರ್ಧ ವಾದ ನಿಯಮದಿಂದ, ಉಳಿದರ್ಧ ಭೌತಶಾಸ್ತ್ರದಿಂದ, ಎರಡರಲ್ಲೂ ತನಗೆ ಬೇಕಾದಷ್ಟೇ. ಹುಷಾರಾದ ಮಾಸ್ಟರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. “ಆಗಲಿ, ಕೋಲು ಮುಟ್ಟಿತು. ಕಡೆಯ ರೈತ ಎಸೆದ. ಡ್ರ್ಯಾಗನ್ನಿನ ಕಾಲ ಬಳಿ ಬಿತ್ತು” ಅನ್ನುತ್ತಾನೆ. ಈ ಚೇಷ್ಟೆ ಎಷ್ಟು ಹಬ್ಬಿತ್ತೆಂದರೆ, 2024ರ ಮಾಸ್ಟರ್ ಕೈಪಿಡಿ ಈ ರೈತರ ಸಾಲನ್ನೇ ಹೋಲುವ ಉದಾಹರಣೆ ಕೊಟ್ಟು, ನಿಯಮ ಬೇರೆ ಭೌತಶಾಸ್ತ್ರ ಬೇರೆ ಅಂತ ಬರೆಯಬೇಕಾಯಿತು.

ಇನ್ನೊಂದು ಜಾತಿ ಇದೆ: ಇಪ್ಪತ್ತು ಬಿದ್ದರೆ ಬ್ರಹ್ಮಾಂಡವೇ ತನ್ನದು ಅಂದುಕೊಂಡವರು. ಪುಸ್ತಕದಲ್ಲಿ ಆ ಮರ್ಯಾದೆ ಇರುವುದು ಹೊಡೆದಾಟದ ಏಟಿಗೆ, ಮಾತಿನ ಮೋಡಿಗಲ್ಲ. ನಮ್ಮ ಮನೆಯ ಕಳ್ಳ ಒಮ್ಮೆ ರಾಜನ ಮುಂದೆ ನಿಂತು “ಕಿರೀಟ ಕೊಡಿ” ಅಂದ, ದಾಳ ಹಾಕಿದ, ಇಪ್ಪತ್ತೇ ಬಿತ್ತು. ರಾಜ ಹೊಟ್ಟೆ ಹಿಡಿದುಕೊಂಡು ನಕ್ಕು, ತಲೆ ತೆಗೆಸದೆ ಕಳಿಸಿದ. ಅದೇ ಅವನ ಇಪ್ಪತ್ತು.

ಎಣ್ಣೆಯ ಕಥೆ ಮರೆತೆ. ದಾಳ ಹದಿನೇಳು ಬಿತ್ತು, ರಾಕ್ಷಸ ಜಾರಿದ. ನೇರವಾಗಿ ಕುಳ್ಳನ ಮೇಲೆಯೇ ಬಂದು ಬಿದ್ದ. ಇದೂ ಅಳಿಯನ ವಿದ್ಯೆಯೇ: ಇಲ್ಲ ಅನ್ನುವುದಿಲ್ಲ, ಹೂಂ ಅಂದು ಬಿಲ್ಲು ಕೊಡುತ್ತಾನೆ. ಅವನ ಬ್ರಹ್ಮಾಸ್ತ್ರ ಇನ್ನೂ ಚಿಕ್ಕದು. ಯಾರಾದರೂ ಏನಾದರೂ ಹೇಳಿದೊಡನೆ ಮೆಲ್ಲಗೆ, “ಗ್ಯಾರಂಟಿನಾ?” ಬೆವರದವರಿಲ್ಲ.

ಮೊನ್ನೆ ನಾನೂ ಕಣಕ್ಕಿಳಿದೆ. ಗುಹೆಯ ಬಾಗಿಲಲ್ಲಿ ಕುಬ್ಜ ಪಿಶಾಚಿಯೊಂದು ಕಾವಲಿತ್ತು. “ಅದಕ್ಕೆ ಬೋಂಡ ಕೊಟ್ಟು ಒಳಗೆ ಹೋಗ್ತೀನಿ” ಅಂದೆ.

“ಬೋಂಡ ಬಿಸಿಯಾಗಿದೆಯಾ ಮಾವ?”

“ಈಗ ತಾನೆ ಬಾಣಲೆಯಿಂದ ತೆಗೆದದ್ದು.”

“ಹದಿನೆಂಟು ಬರಬೇಕು.”

ನಾನು ಏನೂ ಮಾತಾಡಲಿಲ್ಲ. ಮೇಜಿನ ಮೇಲಿದ್ದ ನಿಜವಾದ ಬೋಂಡದ ತಟ್ಟೆ ಎತ್ತಿಕೊಂಡು ಅಡುಗೆಮನೆ ಕಡೆ ಎರಡು ಹೆಜ್ಜೆ ಇಟ್ಟೆ.

“ಹಾಗೆ ನೋಡಿದ್ರೆ ಪಿಶಾಚಿಗೂ ಹಸಿವಾಗಿರುತ್ತೆ. ಒಂಬತ್ತು ಬಂದ್ರೂ ಸಾಕು, ಕೂತ್ಕೊಳ್ಳಿ.”

ತಟ್ಟೆ ಇಟ್ಟೆ, ದಾಳ ಹಾಕಿದೆ. ಮೂರು ಬಿತ್ತು. ಅಳಿಯ ಆಗಲೇ ಬಾಯಿ ತುಂಬ ಬೋಂಡ ತುಂಬಿಕೊಂಡು, “ನಾನೇನ್ಮಾಡ್ಲಿ ಮಾವ, ದಾಳ” ಅಂದ.