ಗೇನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಗೇನ್ ಅವರೇ,

ಯಂತ್ರ ಹೇಳಿದ ಮಾತು ಕೇಳದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ನಿಮ್ಮ ನಾಬಿಗೆ. ನಿಮ್ಮನ್ನು ಏರಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ಲ್ಯಾಬುಗಳಲ್ಲೂ ಕಾರ್ಖಾನೆಗಳಲ್ಲೂ ಬೇರೂರಿದೆ. ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ: ಆ ಕೆಲಸ ನಿಮ್ಮೊಬ್ಬರಿಂದ ಆಗದು.

ಮೋಟಾರಿಗೆ 1000 ಆರ್‌ಪಿಎಂ ಕೇಳಿದೆವೆನ್ನಿ. ಸಿಕ್ಕ ವೇಗವನ್ನು ಅಳೆದು ಕೇಳಿದ್ದರೊಂದಿಗೆ ಹೋಲಿಸುವ ಲೂಪಿನ ಒಟ್ಟು ಗೇನ್ 9 ಆದರೆ ಅದು 900ಕ್ಕೆ ನಿಲ್ಲುತ್ತದೆ, 99 ಮಾಡಿದರೆ 990ಕ್ಕೆ. ಮೋಟಾರು ತಿರುಗಲು ವೋಲ್ಟೇಜು ಬೇಕು, ನೀವು ವೋಲ್ಟೇಜು ಕೊಡುವುದು ದೋಷವನ್ನು, ಅಂದರೆ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು, ಗುಣಿಸಿ. ದೋಷ ಸೊನ್ನೆಯಾದ ಗಳಿಗೆಯಲ್ಲಿ ವೋಲ್ಟೇಜೂ ಸೊನ್ನೆ. ಹಾಗಾಗಿ ಚೂರು ದೋಷ ಉಳಿಯಲೇಬೇಕು. ಅದನ್ನೂ ಅಳಿಸಲು ನಿಮ್ಮನ್ನು ಏರಿಸುತ್ತಲೇ ಹೋದರೆ, ಲೂಪಿನಲ್ಲಿರುವ ವಿಳಂಬಗಳಿಂದಾಗಿ ಯಂತ್ರ ಓಲಾಡತೊಡಗುತ್ತದೆ.

ಇದು ಹೊಸ ಸಂಗತಿಯಲ್ಲ. ವೇಗದ ಏರಿಳಿತವನ್ನು ಬರೀ ತಗ್ಗಿಸುವ ಸಾಧನಗಳನ್ನೂ ಅದನ್ನು ಪೂರ್ತಿ ಅಳಿಸುವ ಸಾಧನಗಳನ್ನೂ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರ ‘ಆನ್ ಗವರ್ನರ್ಸ್’ ಪ್ರಬಂಧದಲ್ಲೇ ಬೇರೆಬೇರೆಯಾಗಿ ಕಂಡಿದ್ದರು. ಎರಡನೆಯ ಬಗೆಯ ಸಾಧನದ ಜೀವಾಳ ಇಂಟಿಗ್ರೇಟರ್. ಅದು ಹಿಂದಿನ ದೋಷಗಳನ್ನು ಕೂಡಿಟ್ಟುಕೊಳ್ಳುತ್ತದೆ, ಆದ್ದರಿಂದ ಈ ಕ್ಷಣದ ದೋಷ ಸೊನ್ನೆಯಾದರೂ ವೋಲ್ಟೇಜನ್ನು ಹಿಡಿದಿಡಬಲ್ಲದು.

ಹಾಗೆಂದು ಒಂದು ಇಂಟಿಗ್ರೇಟರ್ ಎಲ್ಲದಕ್ಕೂ ಸಾಲದು. ದೂರದರ್ಶಕ ಹಿಂಬಾಲಿಸಬೇಕಾದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡು ಸರಿಯುತ್ತದೆ. ಲೂಪಿನ ವೇಗ ಸ್ಥಿರಾಂಕ (ಗುರಿಯ ವೇಗಕ್ಕೂ ಉಳಿಯುವ ದೋಷಕ್ಕೂ ಇರುವ ಅನುಪಾತ) ಸೆಕೆಂಡಿಗೆ 10 ಆಗಿದ್ದರೆ, ಒಂದೇ ಇಂಟಿಗ್ರೇಟರಿನ ದೂರದರ್ಶಕ ರಾತ್ರಿಯಿಡೀ ನಕ್ಷತ್ರಕ್ಕಿಂತ 1.5 ಆರ್ಕ್‌ಸೆಕೆಂಡು ಹಿಂದೆಯೇ ಇರುತ್ತದೆ. ಅದನ್ನು ಸೊನ್ನೆ ಮಾಡಲು ಎರಡನೆಯ ಇಂಟಿಗ್ರೇಟರ್ ಬೇಕು. ಆಗ ತೆರಬೇಕಾದ ಬೆಲೆಯೂ ಗಣಿತದಲ್ಲೇ ಬರೆದಿದೆ: ಅಂಥ ಲೂಪಿಗೆ ಸ್ಟೆಪ್, ಅಂದರೆ ಗುರಿಯಲ್ಲಿ ಒಮ್ಮೆಲೇ ಜಿಗಿತ, ಕೊಟ್ಟರೆ ಒಟ್ಟು ದೋಷದ ಕ್ಷೇತ್ರಫಲ ಸೊನ್ನೆಯಾಗಬೇಕು, ಅಂದರೆ ಗುರಿಯನ್ನು ದಾಟಿಹೋಗುವ ಓವರ್‌ಶೂಟ್ ತಪ್ಪಿದ್ದಲ್ಲ.

ಇನ್ನು ಛಾವಣಿಯ ಸೋಲಾರ್ ಇನ್ವರ್ಟರ್. ಗ್ರಿಡ್ಡಿಗೆ ಅದು 50 ಹರ್ಟ್ಜ್‌ನ ಸೈನ್ ಅಲೆಯ ಕರೆಂಟು ಕೊಡಬೇಕು. ಅಲೆಯನ್ನು ನೇರವಾಗಿ ಹಿಂಬಾಲಿಸುವ ಲೂಪಿನಲ್ಲಿ ಎಷ್ಟು ಇಂಟಿಗ್ರೇಟರ್ ಪೇರಿಸಿದರೂ ದೋಷ ಪೂರ್ತಿ ಹೋಗದು. ಕಂಟ್ರೋಲರಿನೊಳಗೇ 50 ಹರ್ಟ್ಜ್‌ಗೆ ಮಿಡಿಯುವ ರೆಸೊನೆಂಟ್ ಭಾಗವೊಂದು ಇರಬೇಕು. ಫ್ರಾನ್ಸಿಸ್ ಮತ್ತು ವೊನಮ್ 1976ರಲ್ಲಿ ಮಂಡಿಸಿದ ಆಂತರಿಕ ಮಾದರಿ ತತ್ತ್ವ ಇದನ್ನೇ ಹೇಳುತ್ತದೆ: ಯಾವ ಸಂಕೇತವನ್ನು ಚಾಚೂ ತಪ್ಪದೆ ಹಿಂಬಾಲಿಸಬೇಕೋ ಅದನ್ನು ಹುಟ್ಟಿಸುವ ಮಾದರಿ ಲೂಪಿನೊಳಗೇ ಇರಬೇಕು. ಯಂತ್ರದ ಗುಣಾಂಕಗಳು ಕೊಂಚ ಬದಲಾದರೂ, ಲೂಪು ಸ್ಥಿರವಾಗಿರುವವರೆಗೆ, ನಿಖರತೆ ಕೆಡದಿರುವುದು ಆಗ ಮಾತ್ರ. ಇಡೀ ವಿಷಯದಲ್ಲಿ ಇದಕ್ಕಿಂತ ಸುಂದರವಾದ ಫಲಿತಾಂಶ ನನಗೆ ಕಂಡಿಲ್ಲ. ಇದನ್ನು ತಿಳಿಯದೆಯೇ ಎಷ್ಟೋ ಮಕ್ಕಳು ಪದವಿ ಮುಗಿಸಿ ಹೊರಡುತ್ತಾರೆಂಬುದೇ ನನ್ನ ಸಂಕಟ.

ಚುರುಕುತನಕ್ಕೆ, ಹೊರಗಿನ ಅಡಚಣೆಗಳನ್ನು ತಗ್ಗಿಸುವುದಕ್ಕೆ ನೀವು ಬೇಕೇ ಬೇಕು. ಆದರೆ ನಿಮ್ಮನ್ನು ತಿರುಗಿಸಲು ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಲ್ಯಾಬಿನಲ್ಲಿ ಸ್ಟೆಪ್ ಕೊಟ್ಟು ರೆಕಾರ್ಡಿಗೆ ಸಹಿ ಹಾಕಿ ಮುಗಿಸಬೇಡಿ. ಅದೇ ಲೂಪಿಗೆ ಒಂದೇ ವೇಗದಲ್ಲಿ ಏರುವ ರ್‍ಯಾಂಪ್ ಕೊಡಿಸಿ, ಸೈನ್ ಕೊಡಿಸಿ, ಉಳಿದ ದೋಷವನ್ನು ಮಕ್ಕಳ ಕೈಯಲ್ಲೇ ಅಳೆಸಿ.

ಇಂತಿ,
ಕಂಟ್ರೋಲ್ ಸಿಸ್ಟಮ್ಸ್ ಕಲಿಸುವ ಒಬ್ಬ ಮೇಷ್ಟ್ರು