ಯಾರ ಮನೇದು ಗಾಡಿ?

ಕೆಎ-45 ಅಂದರೆ ಹುಣಸೂರು. ಹಾಗಂತ ಹುಣಸೂರೊಂದೇ ಅಲ್ಲ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರ ಗಾಡಿಗಳಿಗೂ ಅದೇ ನಂಬರು. ಈ ನಾಲ್ಕು ಕಡೆಯವರಿಗೆ ಬೇರೆ ವಿಷಯದಲ್ಲಿ ಒಮ್ಮತ ಅಷ್ಟಕ್ಕಷ್ಟೆ. ಕೆ.ಆರ್. ನಗರದವರು ನಾಲೆಗೆ ನೀರು ಬಿಟ್ಟರೋ ಇಲ್ಲವೋ ಅನ್ನುತ್ತಿದ್ದರೆ, ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ಗ್ರೇಡಿನ ಮಾತಾಡುತ್ತಾರೆ. ಕೋಟೆಯವರು ಆನೆ ಬಂದು ಹೋದ ಕತೆ ತೆಗೆಯುತ್ತಾರೆ. ಹುಣಸೂರಿನವರು ಮೂವರ ಮಾತನ್ನೂ ಕೇಳಿಸಿಕೊಂಡು, ಆರ್‌ಟಿಒ ಆಫೀಸಿಗೆ ದಾರಿ ತೋರಿಸುತ್ತಾರೆ.

ಆದರೆ ಹಳೇ ಗಾಡಿ ಕೊಳ್ಳುವ ಮಾತು ಬಂದರೆ ನಾಲ್ಕೂ ತಾಲ್ಲೂಕಿಗೆ ಒಂದೇ ಬುದ್ಧಿ. ಯಾರೂ ಮೊದಲು ಬಾನೆಟ್ ಎತ್ತಿಸುವುದಿಲ್ಲ. "ಯಾರ ಮನೇದು?" ಅಂತ ಕೇಳುತ್ತಾರೆ.

ನಮ್ಮ ಕಡೆ ಕಾರಿಗೆ ಮೊದಲ ಮಾಲೀಕರ ಹೆಸರು ಅಂಟಿತೆಂದರೆ ಬಿಡುವುದಿಲ್ಲ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಇದಕ್ಕೆ ದೊಡ್ಡ ಸಾಕ್ಷಿ. ಊರಿನ ಡಾಕ್ಟರು ಕೊಂಡದ್ದು ಮೇಷ್ಟ್ರಿಗೆ, ಮೇಷ್ಟ್ರಿಂದ ಗೊಬ್ಬರದಂಗಡಿಯವರಿಗೆ, ಅಲ್ಲಿಂದ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಮೈಮೇಲೆಲ್ಲ ಕೆಂಪಕ್ಷರದಲ್ಲಿ 'ಎಲ್' ಬರೆಸಿಕೊಂಡರೂ ಅದು ಡಾಕ್ಟ್ರ ಕಾರೇ. ವ್ಯಾಪಾರ ಕುದುರುತ್ತಿದ್ದದ್ದು ಮೆಕ್ಯಾನಿಕ್ ಅಂಗಡಿ ಮುಂದೆ. ಆತ ನೋಡುತ್ತಿದ್ದದ್ದು ನಾಲ್ಕೈದು ಸಂಗತಿ: ಹೊಗೆಯ ಬಣ್ಣ, ಕ್ಲಚ್ಚು, ಸ್ಟೀರಿಂಗಿನ ಆಟ, ಅಡಿಯ ತುಕ್ಕು, ಆರ್‌ಸಿ ಮೇಲಿನ ಸಾಲ. ಮಿಕ್ಕಿದ್ದೆಲ್ಲ ಮನೆ ವಿಚಾರ. "ಆಯಪ್ಪ ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡಿಸ್ತಾನೆ. ಮಗ ಮಾತ್ರ ಸ್ವಲ್ಪ ಜೋರು. ಆದ್ರೆ ಅವನಿಗೆ ಕೀ ಕೊಡಲ್ಲ." ಸರ್ಟಿಫಿಕೇಟು ಅಂದರೆ ಇಷ್ಟೇ. ಸಹಿ, ಸೀಲು ಇರುತ್ತಿರಲಿಲ್ಲ.

ಅದನ್ನು ಕಂಪನಿಗಳೇ ಅಚ್ಚು ಹಾಕಿಸಿ ಕೊಡುವ ಕಾಲ ಬಂದದ್ದು ಈ ಶತಮಾನದಲ್ಲಿ. ಮಾರುತಿಯವರು 2001ರಲ್ಲಿ ಟ್ರೂ ವ್ಯಾಲ್ಯೂ ಶುರುಮಾಡಿದರು. ಮಹೀಂದ್ರ, ಟೊಯೊಟಾ, ಹ್ಯುಂಡೈ, ಟಾಟಾದವರೂ ತಮ್ಮ ತಮ್ಮ ಬೋರ್ಡು ಹಾಕಿದರು. ಟ್ರೂ ವ್ಯಾಲ್ಯೂದವರ ತಪಾಸಣಾ ಪಟ್ಟಿಯಲ್ಲಿ 376 ಅಂಶಗಳಿವೆ. ಪಾಸಾದ ಕಾರಿಗೆ ಒಂದು ವರ್ಷದವರೆಗೆ ವಾರಂಟಿ, ಮೂರು ಸರ್ವಿಸು ಪುಕ್ಕಟೆ. ಈಗ ದೇಶದಲ್ಲಿ ವರ್ಷಕ್ಕೆ ಹೊಸ ಕಾರುಗಳಿಗಿಂತ ಹಳೆಯವೇ ಹೆಚ್ಚು ಮಾರಾಟವಾಗುತ್ತವೆ. ಅಂದಮೇಲೆ ಹಳೇ ಕಾರಿಗೂ ಎಸಿ ಹಾಕಿದ ಶೋರೂಮು, ಟೈ ಕಟ್ಟಿದ ಹುಡುಗ, ಕಾಗದದ ಲೋಟದಲ್ಲಿ ಕಾಫಿ ಬಂದದ್ದು ಆಶ್ಚರ್ಯವಲ್ಲ.

ನಮ್ಮ ಮನೆಯಲ್ಲಿ ಕಾರಿನ ಮಾತೆದ್ದದ್ದು ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ. ಬೇಲುಗಳು ತಂಬಾಕು ಮಂಡಳಿಯ ಮಾರುಕಟ್ಟೆ ಸೇರುವುದಕ್ಕೂ ದಸರಾ ಬರುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ. ರೇಟು ಚೆನ್ನಾಗಿದ್ದ ವರ್ಷ ಮೊದಲು ಬ್ಯಾಂಕಿನವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ಆಮೇಲೆ ಸೌದೆಯವರು, ಆಮೇಲೆ ಕೂಲಿಯವರು. ಇಷ್ಟಾಗಿಯೂ ಉಳಿದರೆ ಮನೆಯ ಮಕ್ಕಳು ಕಾರಿನ ಫೋಟೋ ತೋರಿಸುತ್ತಾರೆ. ಜಮೀನು ತಮ್ಮನದು, ಸಂಬಳ ನನ್ನದು. ಇಬ್ಬರೂ ಸೇರಿ ಒಂದು ಹಳೇ ಕಾರು ಅಂತ ತೀರ್ಮಾನವಾಯಿತು. ನೋಡಲು ಸೋದರಮಾವನನ್ನು ಕರೆದುಕೊಂಡು ಹೋಗುವುದೆಂದೂ ಆಯಿತು.

ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಚುಂಚನಕಟ್ಟೆ ಜಾತ್ರೆಯಲ್ಲಿ ಅವರ ವಯಸ್ಸು ಕಳೆದಿದೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ದನಗಳ ಜಾತ್ರೆ ಸೇರಿದರೆ ಹಳ್ಳಿಕಾರ್ ಜೋಡಿಗಳ ಮುಂದೆ ನಿಂತು ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲೋ, ನಾಲ್ಕೋ, ಆರೋ. ಬಾಯಿಗೂಡಿದ್ದರೆ ವಯಸ್ಸು ಹೇಳುವುದು ಕಷ್ಟ, ಆಗ ಮಾಲೀಕನ ಮುಖ ನೋಡಬೇಕು. ಸುಳಿ ಎಲ್ಲಿದೆ, ಗೊರಸು ಹೇಗಿದೆ, ಕೊಂಬು ಹೆರೆದು ಎಣ್ಣೆ ಹಚ್ಚಿ ವಯಸ್ಸು ಮರೆಸಿದ್ದಾರೋ ಅಂತ ನೋಡಿ, ಕೊನೆಗೆ ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು ಮಾತಾಡುವುದು. ಪಕ್ಕದಲ್ಲಿ ನಿಂತವನಿಗೂ ಗುಟ್ಟು ಬಿಡುವುದಿಲ್ಲ.

ಹುಣಸೂರು ಸೀಮೆಗೆ ಈ ವಿದ್ಯೆ ಹೊಸದೂ ಅಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಅಮೃತಮಹಲ್ ದನಗಳ ಕಾರುಬಾರು ಹುಣಸೂರಿನಲ್ಲೇ ಇತ್ತು. ತೊಗಲು ಹದ ಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕೆಲಸವೂ ಜೊತೆಗಿತ್ತು. ಹಾಗಾಗಿ ಎಳೆಯುವುದನ್ನೂ ಎಳೆಸಿಕೊಳ್ಳುವುದನ್ನೂ ಪರೀಕ್ಷೆ ಮಾಡುವ ಹಕ್ಕು ತಮಗೆ ಪಿತ್ರಾರ್ಜಿತವಾಗಿ ಬಂದಿದೆ ಎಂಬುದು ಮಾವನ ನಂಬಿಕೆ.

ಮೈಸೂರಿನ ಶೋರೂಮಿನಲ್ಲಿ ಬಿಳೀ ಕಾರೊಂದರ ಮುಂದೆ ನಿಂತೆವು. ಟೈ ಹುಡುಗ ಟ್ಯಾಬ್ ತೆರೆದು ತಪಾಸಣೆ ಪಟ್ಟಿ ತೋರಿಸಿದ. ಸಾಲುಸಾಲಾಗಿ ಹಸಿರು ಗುರುತು. ಮಾವ ಅದನ್ನು ನೋಡಲೇ ಇಲ್ಲ.

"ಯಾರ್ ಮನೇದಪ್ಪಾ ಇದು?"

"ಡಾಕ್ಟರ್ ಗಾಡಿ ಅಂಕಲ್. ಸಿಂಗಲ್ ಓನರ್."

"ಯಾವ ಡಾಕ್ಟ್ರು? ಜನದ ಡಾಕ್ಟ್ರೋ, ದನದ ಡಾಕ್ಟ್ರೋ?"

ಹುಡುಗ ನನ್ನ ಮುಖ ನೋಡಿದ. ಮಾವ ಬಿಡಿಸಿ ಹೇಳಿದರು: "ಜನದ ಡಾಕ್ಟ್ರಾದ್ರೆ ಗಾಡಿ ಆಸ್ಪತ್ರೆ ಮುಂದೆ ನೆಳ್ಳಲ್ಲಿ ನಿಂತಿರ್ತದೆ. ದನದ ಡಾಕ್ಟ್ರಾದ್ರೆ ಹೊಲ, ಹಳ್ಳ, ಕಲ್ಲು ಎಲ್ಲಾ ಹತ್ತಿರ್ತದೆ. ರೇಟು ಬೇರೆ ಬೇರೆ ಅಲ್ವಾ?"

ಮೈಸೂರಿನಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳಲ್ಲಿ ಅರ್ಧ ಡಾಕ್ಟರದು, ಇನ್ನರ್ಧ ಮೇಡಂ ಒಬ್ಬರೇ ಓಡಿಸಿದ್ದು. ಮಿಕ್ಕವರು ತಮ್ಮ ಕಾರನ್ನು ಏನು ಮಾಡುತ್ತಾರೋ ತಿಳಿಯದು. ಹೆಸರು ಹೇಳಲು ಹುಡುಗನಿಗೆ ಅಪ್ಪಣೆ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಬ್ರೇಕು, ವೈಪರು ಎಲ್ಲಕ್ಕೂ ಸಾಲಿದೆ, ಮನೆತನಕ್ಕೆ ಸಾಲಿಲ್ಲ.

ನಾನು ಓದಿಕೊಂಡು ಹೋಗಿದ್ದನ್ನು ಪರೀಕ್ಷಿಸತೊಡಗಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಮಿಕ್ಕೆರಡು ವರ್ಷ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರೂ ಒಂದೇ ವಯಸ್ಸಿನವಾಗಿ, ಗಾಡಿಗಿಂತ ತುಸು ಹಳೆಯವಾದರೆ ಮೀಟರು ತೋರಿಸುವ ಕಿಲೋಮೀಟರನ್ನು ನಂಬಬಹುದು. ಮೀಟರು ಕಡಿಮೆ ಹೇಳಿ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ರಬ್ಬರನ್ನೇ ನಂಬಬೇಕು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದೆ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗು, ಕೇರಳ ಮುಳುಗಿದ ಮೇಲೆ ನಮ್ಮ ಕಡೆಯವರು ಕಲಿತ ಪಾಠ ಇದು. ಸೀಟು ತೊಳೆಯುತ್ತಾರೆ, ಕಾರ್ಪೆಟ್ಟು ಬದಲಾಯಿಸುತ್ತಾರೆ. ಬೆಲ್ಟಿನ ಒಳಸುರುಳಿಯಲ್ಲಿ ಕೂತ ಕೆಸರಿನ ಗೆರೆ ಮಾತ್ರ ಹಾಗೇ ಉಳಿದಿರುತ್ತದೆ. ನಮ್ಮದು ಒಣಗಿತ್ತು.

ಅಷ್ಟರಲ್ಲಿ ಮಾವ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಿದ್ದರು. ಅವರ ತಪಾಸಣೆ ಬೇರೆಯೇ ನಡೆದಿತ್ತು. ಮುಂದಿನ ಸೀಟಿನ ಬೆನ್ನಿಗೆ ಚಿಕ್ಕ ಬೂಟಿನ ಗುರುತು, ಎಷ್ಟು ಉಜ್ಜಿದರೂ ಹೋಗದ್ದು. "ಮಗು ಇತ್ತು. ಜೋರಾಗಿ ಓಡಿಸಿರಾಕಿಲ್ಲ." ಎಡಗಡೆ ಮುಂಬಾಗಿಲ ಹಿಡಿ ಸವೆದು ಹೊಳೆಯುತ್ತಿತ್ತು. "ಯಜಮಾನ್ತಿ ಪಕ್ಕದಲ್ಲೇ ಕೂರ್ತಿದ್ಲು. ಗಟ್ಟಿಯಾಗಿ ಹಿಡ್ಕೊಂಡವ್ಳೆ. ಅಂದ್ರೆ ಒಂದೊಂದ್ಸಲ ಜೋರಾಗೂ ಓಡಿಸವ್ನೆ." ಡ್ಯಾಶ್‌ಬೋರ್ಡಿನ ನಟ್ಟನಡುವೆ ಬೆರಳಗಲದ ಒಂದು ಚೌಕ ಮಾತ್ರ ಬಿಸಿಲಿಗೆ ಬಣ್ಣ ಕೆಟ್ಟಿರಲಿಲ್ಲ. ದೇವರು ಕೂತಿದ್ದ ಜಾಗ. ಮಾವ ಅದರ ಮೇಲೆ ಹೆಬ್ಬೆರಳಾಡಿಸಿ, "ಮಾರೋವಾಗ ದೇವ್ರನ್ನ ಬಿಟ್ಟು ಹೋಗಿಲ್ಲ, ಕಿತ್ಕೊಂಡು ಹೋಗವ್ನೆ. ಒಳ್ಳೆ ಮನೆ" ಅಂದರು. 376 ಅಂಶಗಳ ಪಟ್ಟಿಗೆ 377ನೆಯದು ಸೇರಿತು.

ಉಳಿದದ್ದು ರೇಟು. ಹೊರಗಡೆಯ ದಲ್ಲಾಳಿಗಿಂತ ಹೆಚ್ಚೇಕೆಂದು ಕೇಳಿದರೆ ಹುಡುಗ ವಾರಂಟಿ ಹೇಳಿದ, ಆಮೇಲೆ ಜಿಎಸ್‌ಟಿ ಹೇಳಿದ. 2025ರ ಜನವರಿಯಿಂದ ಡೀಲರು ಮಾರುವ ಹಳೇ ಕಾರುಗಳೆಲ್ಲಕ್ಕೂ ಶೇಕಡಾ 18. ಪೂರ್ತಿ ಬೆಲೆಯ ಮೇಲಲ್ಲ, ಅವರು ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರದ ಮೇಲೆ. ಮಾವನಿಗೆ ಇದು ಬಹಳ ಹಿಡಿಸಿತು. "ದಲ್ಲಾಳಿ ಕಮಿಷನ್ನಿಗೂ ಸರ್ಕಾರ ಕೈ ಹಾಕ್ತಾ!" ಅಂತ ನಕ್ಕು, ಟವೆಲು ಕೊಡವಿ ಹುಡುಗನ ಕೈ ಹುಡುಕಿದರು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಟ್ಯಾಬ್ ಮುಂದಿಟ್ಟ. ಫಿಕ್ಸೆಡ್ ಪ್ರೈಸು. ಮಾವನ ಒತ್ತಾಯಕ್ಕೆ ಕಾಲ್ಚಾಪೆ, ಸ್ಟೀರಿಂಗ್ ಕವರು ದಕ್ಕಿದವು.

ಶೋರೂಮಿಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವೇನಲ್ಲ. ಹಿಂದೆ ಗಾಡಿ ದಲ್ಲಾಳಿಯ ಕೈಗೆ ಹೋದ ಮೇಲೂ ಆರ್‌ಸಿಯಲ್ಲಿ ಹಳೇ ಮಾಲೀಕನ ಹೆಸರೇ ವರ್ಷಗಟ್ಟಲೆ ನಿಂತಿರುತ್ತಿತ್ತು. ಎಲ್ಲೋ ಅಪಘಾತವಾದರೆ ಕೋರ್ಟಿನ ನೋಟಿಸು ಅವನ ಮನೆಗೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹಳೇ ವಾಹನದ ಡೀಲರು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆಯಬೇಕು, ಗಾಡಿ ತನ್ನ ವಶಕ್ಕೆ ಬಂದದ್ದನ್ನು ತಿಳಿಸಬೇಕು. ಅಲ್ಲಿಂದ ಮಾರುವವರೆಗೂ ಅವನೇ ಮಾಲೀಕನೆಂದು ಲೆಕ್ಕ. ನಮ್ಮ ಫಾರಂ 29, 30 ಅವರೇ ತುಂಬಿಸಿ ಕಳಿಸಿದರು. ಇನ್ಶೂರೆನ್ಸು ನಮ್ಮ ಹೆಸರಿಗೆ ಬಂತು. ನೋ ಕ್ಲೇಮ್ ಬೋನಸ್ ಮಾತ್ರ ಬರಲಿಲ್ಲ. ಅದು ಗಾಡಿಯದಲ್ಲ, ವಿಮೆ ಮಾಡಿಸಿದವನದು. ವಿಮಾ ಕಂಪನಿಯವರೂ ಕೊನೆಗೆ ಮಾವನ ಪಕ್ಷದವರೇ ಎಂದಾಯಿತು. ಅವರೂ ಮನುಷ್ಯನನ್ನೇ ನೋಡುತ್ತಾರೆ.

ಊರಿಗೆ ತಂದ ದಿನ ಜಗಲಿ ಮೇಲೆ ಕೂತವರೆಲ್ಲ ಎದ್ದು ಬಂದರು. ಎಷ್ಟಕ್ಕೆ ಬಿತ್ತು ಅಂದರು, ಹೇಳಿದೆವು. ಐವತ್ತು ಸಾವಿರ ಕಡಿಮೆಗೆ ನಾನು ಕೊಡಿಸುತ್ತಿದ್ದೆ ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ನಮ್ಮೂರಲ್ಲಿ ಇಬ್ಬರಿದ್ದಾರೆ. ಸರ್ಟಿಫಿಕೇಟು ತೋರಿಸಲು ತಮ್ಮ ಫೈಲು ತೆಗೆದ. ಯಾರೂ ಕೈ ಚಾಚಲಿಲ್ಲ. "ಯಾರ ಮನೇದು?" ಎಂದು ಒಟ್ಟಿಗೇ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡು ಬೂಟಿನ ಗುರುತು, ಬಾಗಿಲ ಹಿಡಿ, ದೇವರ ಚೌಕ ಒಂದೊಂದನ್ನೇ ವಿವರಿಸಿದರು. ಜನ ತಲೆದೂಗಿದರು. ಸಂಜೆಯೊಳಗೆ ಅದು ಊರಿಗೆಲ್ಲ ಡಾಕ್ಟ್ರ ಕಾರಾಗಿತ್ತು. ಅರ್ಧ ದುಡ್ಡು ಹಾಕಿದ ನನ್ನ ಹೆಸರು ಎಲ್ಲೂ ಬರಲಿಲ್ಲ.

ನನಗೆ ಬೇಜಾರಿಲ್ಲ. ಮುಂದೆ ಇದನ್ನು ನಾವೂ ಮಾರುತ್ತೇವೆ. ಆಗ ಇನ್ನೊಬ್ಬ ಟೈ ಹುಡುಗ ಇನ್ನೊಂದು ಮನೆಯವರಿಗೆ "ಲೆಕ್ಚರರ್ ಗಾಡಿ ಸಾರ್, ನೀಟಾಗಿ ಇಟ್ಟಿದ್ದಾರೆ" ಅನ್ನುತ್ತಾನೆ. ಪಕ್ಕದಲ್ಲಿ ಯಾರದೋ ಸೋದರಮಾವ ಟವೆಲು ಹೆಗಲಿಗೆ ಹಾಕಿಕೊಂಡು, "ಯಾವ ಸಬ್ಜೆಕ್ಟು?" ಅಂತ ಕೇಳುತ್ತಾರೆ. ಕನ್ನಡ ಅಂದರೆ ರೇಟು ಏರುತ್ತದೋ ಇಳಿಯುತ್ತದೋ, ಅದೊಂದು ಅಂದಾಜು ಮಾತ್ರ ಮಾವನಿಗೂ ಸಿಕ್ಕಿಲ್ಲ.